‘ಮತ್ತೆ ಶುರು’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದ? ನಾನು ಕಲಿಸಿದ ರೀತಿ

ಹೋದ ಬ್ಯಾಚಿನ ಕೊನೆಯ ಟೆಸ್ಟಿನಲ್ಲಿ 34 ಜನರಲ್ಲಿ ಸುಮಾರು 27 ಜನ ರಿಜ್ಯೂಮ್, ರಿವೈವ್, ರಿನ್ಯೂ, ರಿಸ್ಟೋರ್ ನಾಲ್ಕನ್ನೂ ಸರಿಯಾದ ಜಾಗದಲ್ಲಿ ಬರೆದರು. ನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆ ಕೊಟ್ಟಾಗ ಆರೇಳು ಜನಕ್ಕೆ ಬಂದಿದ್ದರೆ ಹೆಚ್ಚು. ನಾನು ಮಂಡ್ಯದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಮತ್ತು ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರು ಹೆಚ್ಚಾಗಿ ಕನ್ನಡ ಮಾಧ್ಯಮದವರು. ‘ಪದ ಅಂದ್ರೆ ಬಾಯಿಪಾಠ ಮಾಡಿಸಬೇಕು, ಬೇರೆ ದಾರಿಯೇ ಇಲ್ಲ’ ಅಂತ ವಾದ ಮಾಡಿದ ಇಬ್ಬರು ಮೇಷ್ಟ್ರು ಮೊನ್ನೆ ನನ್ನ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತು ನೋಟ್ಸ್ ಬರೆದುಕೊಂಡು ಹೋದರು. ನೀವೂ ಇದೇ ಕೆಲಸ ಮಾಡೋರು, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ದುಡ್ಡು ಹೋದ ಕತೆ. ‘ರಿ’ಯಿಂದ ಶುರುವಾಗುವ 60 ಪದಗಳ ಚಾರ್ಟ್ ಮಾಡಿಸಿದೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಅರ್ಥ, ನಾಲ್ಕು ಬಣ್ಣದ ಪ್ರಿಂಟು. ಒಂದಕ್ಕೆ 18 ರೂಪಾಯಿಯಂತೆ 500 ಪ್ರತಿ, ಸುಮಾರು 9,000 ರೂಪಾಯಿ. ನೋಡೋಕೆ ಚೆನ್ನಾಗಿತ್ತು. ಆದರೆ ಬಲಗಡೆಯ ಸಾಲನ್ನು ಮೇಲಿಂದ ಕೆಳಕ್ಕೆ ಓದಿದರೆ ‘ಪುನಃ ಆರಂಭಿಸು’, ‘ಪುನಶ್ಚೇತನಗೊಳಿಸು’, ‘ಪುನಃಸ್ಥಾಪಿಸು’. ಓದಿದ ಹುಡುಗರಿಗೆ ಎಲ್ಲವೂ ಒಂದೇ. ಒಬ್ಬಳು ‘ನಾನು ನನ್ನ ಊಟವನ್ನು ರಿವೈವ್ ಮಾಡಿದೆ’ ಅಂತ ಬರೆದಳು. ಅವಳ ತಪ್ಪಲ್ಲ, ಚಾರ್ಟಿನ ಪ್ರಕಾರ ಅದು ಸರಿಯೇ. ಆಮೇಲೆ ಫ್ಲ್ಯಾಷ್ ಕಾರ್ಡ್ ಮಾಡಿಸಿದೆ, ಅದಕ್ಕೊಂದು ಎರಡೂವರೆ ಸಾವಿರ. ಆ ವಾರ ಎಲ್ಲರೂ ಸರಿ ಹೇಳುತ್ತಿದ್ದರು, ಮುಂದಿನ ವಾರ ಮರೆತಿದ್ದರು. ಉಳಿದ ಮುನ್ನೂರು ಚಿಲ್ಲರೆ ಚಾರ್ಟು ಇವತ್ತಿಗೂ ಅಟ್ಟದ ಮೇಲಿವೆ.

ದಾರಿ ತೋರಿಸಿದ್ದು ಒಬ್ಬ ಹುಡುಗ. ಬೆಳಿಗ್ಗೆ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಕೆಲಸ, ಸಂಜೆ ನನ್ನ ಕ್ಲಾಸು. ಕೈಗೆ ಯಾವಾಗಲೂ ವಾರ್ನಿಷ್ ವಾಸನೆ. ರಿಸ್ಟೋರ್ ಪದ ಅವನ ತಲೆಗೆ ಹೋಗುತ್ತಲೇ ಇರಲಿಲ್ಲ. ಒಂದು ದಿನ ಸುಮ್ನೆ ಕೇಳಿದೆ, ‘ನಿನ್ನ ಅಂಗಡಿಗೆ ಮೋಟಾರ್ ಬಂದ ತಕ್ಷಣ ಮೊದಲು ಏನು ನೋಡ್ತೀಯಪ್ಪ?’

‘ಏನಾಗಿದೆ ಅಂತ ನೋಡ್ತೀನಿ ಸರ್. ಬರೀ ಟ್ರಿಪ್ ಆಗಿದ್ರೆ ಸ್ವಿಚ್ ಹಾಕಿದ್ರೆ ಸಾಕು. ಬೇರಿಂಗ್ ಹೋಗಿದ್ರೆ ಬೇರಿಂಗ್. ಕಾಯಿಲ್ ಸುಟ್ಟಿದ್ರೆ ಮಾತ್ರ ರೀವೈಂಡಿಂಗು.’

ಮಾರನೇ ದಿನ ಅವನೇ ಒಂದು ಸುಟ್ಟ ಸ್ಟೇಟರ್ (ಮೋಟಾರಿನೊಳಗೆ ತಂತಿ ಸುತ್ತಿರುವ, ತಿರುಗದ ಭಾಗ) ತಂದು ಮೇಜಿನ ಮೇಲಿಟ್ಟ. ಒಂದು ಮಗ್ಗುಲಿನ ತಾಮ್ರದ ತಂತಿ ಕೆಂಪಗೇ ಇದೆ, ಇನ್ನೊಂದು ಮಗ್ಗುಲು ಕರ್ರಗೆ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತೆ. ‘ಇದು ನಿಂತಿಲ್ಲ ಸರ್, ಸತ್ತಿದೆ’ ಅಂದ. ನನಗೆ ಬೇಕಿದ್ದುದು ಆ ಮಾತೇ. ನಾವು ವಾಪಸ್ ಬಂದಿದ್ದನ್ನು ನೋಡಿ ಪದ ಹುಡುಕುತ್ತಿದ್ದೆವು. ವಾಪಸ್ ಬರೋಕೆ ಮುಂಚೆ ಅದು ಯಾವ ಗತಿಯಲ್ಲಿತ್ತು ಅನ್ನೋದನ್ನು ನೋಡಬೇಕಿತ್ತು.

ಅಂದಿನಿಂದ ಕನ್ನಡ ಅರ್ಥ ಬರೆಸೋದನ್ನೇ ಬಿಟ್ಟೆ. ಒಂದೇ ಪ್ರಶ್ನೆ: ಮೊದಲು ಏನಾಗಿತ್ತು? ನಡುವೆ ನಿಂತಿತ್ತು ಅಂದ್ರೆ ರಿಜ್ಯೂಮ್. ಪ್ರಾಣ ಹೋಗುವ ಹಾಗಿತ್ತು ಅಂದ್ರೆ ರಿವೈವ್. ಹಾಳಾಗಿತ್ತು, ಮೊದಲಿನ ಹಾಗಾಯ್ತು ಅಂದ್ರೆ ರಿಸ್ಟೋರ್. ಅವಧಿ ಮುಗಿದಿತ್ತು ಅಂದ್ರೆ ರಿನ್ಯೂ. ಕೈತಪ್ಪಿ ಹೋಗಿತ್ತು ಅಂದ್ರೆ ರಿಕವರ್. ಕೆಲಸದಿಂದ ತೆಗೆದಿದ್ದರು ಅಂದ್ರೆ ರೀಇನ್‌ಸ್ಟೇಟ್. ಮಳೆ ನಿಂತ ಮೇಲೆ ಮ್ಯಾಚು ರಿಜ್ಯೂಮ್ ಆಗುತ್ತೆ, ಯಾಕಂದ್ರೆ ಸ್ಕೋರ್ ಹಾಗೇ ಇರುತ್ತೆ. ಫೋನ್ ರೀಸ್ಟಾರ್ಟ್ ಮಾಡಿದರೆ ಫೋಟೋ ಉಳಿಯುತ್ತೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಹೋಗುತ್ತೆ. ಇದನ್ನು ಯಾರಿಗೂ ಎರಡು ಸಲ ಹೇಳಬೇಕಾಗಿಲ್ಲ.

ನನ್ನ ಅತ್ಯುತ್ತಮ ಪಾಠ ಮೈಷುಗರ್ ಕಾರ್ಖಾನೆಯದು. 1933ರಲ್ಲಿ ಶುರುವಾದ ಕಾರ್ಖಾನೆ, ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿತು. ನಮ್ಮ ಊರಿನ ವಿಷಯ, ಎಲ್ಲರ ಮನೆಯಲ್ಲೂ ಮಾತಾಡಿದ್ದು. ‘ಮೈಷುಗರ್ ಮತ್ತೆ ಶುರುವಾಯ್ತು’ ಅಂತ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಈಗ ಒಡೆಯಿರಿ ಅಂತೀನಿ. ಗೇಟು ಏನಾಯ್ತು? ರೀಓಪನ್. ಅರೆಯುವ ಕೆಲಸ? ರಿಜ್ಯೂಮ್. ಮಿಷನ್ನು? ರೀಸ್ಟಾರ್ಟ್. ರೈತರ ನಂಬಿಕೆ? ರಿಸ್ಟೋರ್. ಅಷ್ಟೂ ಸೇರಿ ಕಾರ್ಖಾನೆ? ರಿವೈವ್. ಕನ್ನಡದ ಒಂದು ಸಾಲಿನೊಳಗೆ ಇಂಗ್ಲಿಷಿನ ಐದು ಪದ. ಮೊದಲ ಸಲ ಮಾಡಿಸಿದ ದಿನ ಕ್ಲಾಸು ಎಂಟೂವರೆಗೆ ಮುಗಿಯಬೇಕಿತ್ತು, ಒಂಬತ್ತೂಕಾಲಾದರೂ ಯಾರೂ ಏಳಲಿಲ್ಲ. ಆಗ ನನಗೆ ಕಣ್ಣು ತುಂಬಿ ಬಂತು.

ಎಲ್ಲಿ ಎಡವುತ್ತಾರೆ ಅನ್ನೋದನ್ನೂ ಹೇಳಬೇಕು. ರಿನ್ಯೂ ಮತ್ತು ರಿವೈವ್ ಇಬ್ಬರನ್ನು ಬೇರೆ ಮಾಡೋದು ಕಷ್ಟ. ನಾನು ಇನ್ಶೂರೆನ್ಸ್ ತರುತ್ತೇನೆ. ಬೈಕಿನ ಇನ್ಶೂರೆನ್ಸ್ ವರ್ಷ ತುಂಬಿದಾಗ ರಿನ್ಯೂ ಮಾಡಿಸ್ತೀವಿ. ಕಂತು ಕಟ್ಟದೆ ಎಲ್‌ಐಸಿ ಪಾಲಿಸಿ ಲ್ಯಾಪ್ಸ್ ಆದರೆ ಏಜೆಂಟ್ ‘ರಿವೈವಲ್ ಮಾಡಿಸಿ’ ಅಂತಾರೆ. ಒಂದರ ಅವಧಿ ಮುಗಿದಿತ್ತು, ಇನ್ನೊಂದರ ಉಸಿರೇ ಹೋಗಿತ್ತು. ಇನ್ನು ರಿಸ್ಟೋರ್, ರಿನೋವೇಟ್ ಜೋಡಿ. ಇದಕ್ಕೆ ಊರ ದೇವಸ್ಥಾನವೇ ಸಾಕು. ಹಳೇ ಕಲ್ಲಿನ ಕಂಬಕ್ಕೆ ಎನಾಮೆಲ್ ಪೇಂಟ್ ಬಳಿದು ನೆಲಕ್ಕೆ ಟೈಲ್ಸ್ ಹಾಕಿದರೆ ರಿನೋವೇಟ್. ಆ ಪೇಂಟ್ ತೆಗೆದು ಕಲ್ಲನ್ನು ಮೊದಲಿನ ಹಾಗೆ ಕಾಣಿಸಿದರೆ ರಿಸ್ಟೋರ್. ನಾವು ಎರಡಕ್ಕೂ ಜೀರ್ಣೋದ್ಧಾರ ಅಂತೀವಿ. ಎರಡರ ನಡುವೆ ಎಷ್ಟು ದೊಡ್ಡ ವ್ಯತ್ಯಾಸ ಅಲ್ವಾ?

ನಡುವೆ ಒಂದೆರಡು ಬೇರೆ ಪ್ರಯೋಗ ಮಾಡಿದೆ. ಒಂದು, ‘ರೀ’ ಉದ್ದವೋ ಗಿಡ್ಡವೋ ಅನ್ನೋದು. ರೀಓಪನ್, ರೀಸ್ಟಾರ್ಟ್, ರೀಫಿಲ್: ‘ರೀ’ ಉದ್ದ, ಅದನ್ನು ಕಿತ್ತರೂ ಪದ ಉಳಿಯುತ್ತೆ. ರಿವೈವ್, ರಿಜ್ಯೂಮ್: ‘ರಿ’ ಗಿಡ್ಡ, ಕಿತ್ತರೆ ಏನೂ ಉಳಿಯಲ್ಲ. ಹತ್ತರಲ್ಲಿ ಏಳೆಂಟಕ್ಕೆ ಕೆಲಸ ಮಾಡಿತು. ರಿನ್ಯೂ, ರಿಕವರ್, ರಿಸ್ಟೋರ್ ಕೈಕೊಟ್ಟವು, ಹಾಗಾಗಿ ಇದನ್ನು ಉಚ್ಚಾರಣೆಗಷ್ಟೇ ಇಟ್ಟುಕೊಂಡಿದ್ದೇನೆ. ಎರಡನೆಯದು ನಡುವಿನ ಅಡ್ಡಗೆರೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಕೆಲಸದ ಕರಾರಿಗೆ ಮತ್ತೆ ಸಹಿ ಹಾಕ್ತೀನಿ ಅಂತ ಆಫೀಸಿಗೆ ಮೇಲ್ ಬರೆದ. ‘ರೀ-ಸೈನ್’ ಅಂತ ಇರಬೇಕಿತ್ತು, ಅಡ್ಡಗೆರೆ ಬಿಟ್ಟುಹೋಗಿ ಅದು ‘ರಿಸೈನ್’ ಆಯ್ತು. ರಾಜೀನಾಮೆ ಕೊಡ್ತಿದ್ದಾನೆ ಅಂದುಕೊಂಡು ಎರಡು ದಿನ ಗಲಾಟೆ. ಈಗ ಆ ಮೇಲನ್ನು ಹೆಸರು ತೆಗೆದು ಪ್ರತಿ ಬ್ಯಾಚಿಗೂ ತೋರಿಸುತ್ತೇನೆ.

ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು. ಕಡಿದ ಬುಡದಿಂದಲೇ ಮತ್ತೆ ಬೆಳೆಯುವ ಕೂಳೆ ಕಬ್ಬಿಗೆ ಇಂಗ್ಲಿಷಿನಲ್ಲಿ ರಟೂನ್ ಅಂತಾರೆ. ಅದು ಸ್ಪ್ಯಾನಿಷಿನ ರೆಟೊನ್ಯೊ ಅನ್ನೋ ಪದದಿಂದ ಬಂದದ್ದು, ಮತ್ತೆ ಒಡೆದ ಚಿಗುರು ಅಂತ ಅರ್ಥ. ಅದರೊಳಗೂ ಅದೇ ‘ರೆ’ ಇದೆ. ಇದನ್ನು ಹೇಳಿದಾಗ ಕೀಲಾರದ ಕಡೆಯ ಒಬ್ಬ ಹುಡುಗ ‘ಸರ್, ಹಂಗಾದ್ರೆ ನಮ್ಮಪ್ಪಂಗೆ ಈ ಪದ ನಮಗಿಂತ ಚೆನ್ನಾಗಿ ಗೊತ್ತು’ ಅಂದ. ಹೌದು, ಗೊತ್ತು. ಕಬ್ಬು ಕಡಿದ ಮೇಲೆ ಬುಡ ಸತ್ತಿರಲ್ಲ, ನೆಲದೊಳಗೆ ಬದುಕಿರುತ್ತೆ. ಅಲ್ಲೂ ಮೊದಲು ಏನಾಗಿತ್ತು ಅನ್ನೋದೇ ಪ್ರಶ್ನೆ.

ಖರ್ಚಿನ ಲೆಕ್ಕ ಈಗ ಹೀಗಿದೆ. ಸ್ಟೇಟರ್ ಪುಕ್ಕಟೆ. ಲ್ಯಾಪ್ಸ್ ಆದ ಪಾಲಿಸಿ, ಹಳೇ ಡಿಎಲ್, ಎರಡು ವರ್ಷ ವ್ಯವಹಾರವಿಲ್ಲದೆ ಬ್ಯಾಂಕ್ ಖಾತೆ ನಿಂತುಹೋದ ಪಾಸ್‌ಬುಕ್, ಇವೆಲ್ಲದರ ಝೆರಾಕ್ಸ್‌ಗೆ ಬ್ಯಾಚಿಗೊಂದು 150 ರೂಪಾಯಿ. ಆರು ಸಂಜೆ ಸಾಕು. ಮೊದಲು ಇದಕ್ಕೇ ಮೂರು ವಾರ ಹೋಗುತ್ತಿತ್ತು. ಶುಲ್ಕ 1,800 ಇದ್ದದ್ದನ್ನು 2,200 ಮಾಡಿದೆ, ಆದರೂ ಸೀಟು ಬೇಗ ತುಂಬುತ್ತಿದೆ.

ಎರಡು ಎಚ್ಚರಿಕೆ. ಮೊದಲ ಸಂಜೆ ನಾಲ್ಕು ಪದಕ್ಕಿಂತ ಜಾಸ್ತಿ ಕೊಡಬೇಡಿ, ನಾನು ಎಂಟು ಕೊಟ್ಟು ಇಡೀ ಒಂದು ಬ್ಯಾಚನ್ನು ಕೆಡಿಸಿಕೊಂಡಿದ್ದೇನೆ. ಮತ್ತೆ, ಉದಾಹರಣೆ ನಿಮ್ಮ ಊರಿನದೇ ಇರಲಿ. ಮೈಷುಗರ್ ಪಾಠವನ್ನು ಹಾಸನದ ಗೆಳೆಯರೊಬ್ಬರು ಹಾಗೇ ಮಾಡಿದರು, ಅಲ್ಲಿನ ಹುಡುಗರಿಗೆ ಹಿಡಿಸಲಿಲ್ಲ. ಮೂರನೇ ಸಂಜೆಯ ಕೊನೆಯ ಹತ್ತು ನಿಮಿಷದಲ್ಲಿ ನಾನು ಮಾಡಿಸುವ ಒಂದು ಅಭ್ಯಾಸ ಇದೆ. ಪದ ಆರು ತಿಂಗಳು ಉಳಿಯೋದು ಅದರಿಂದಲೇ. ಅದನ್ನು ಇಲ್ಲಿ ಬರೆಯಲ್ಲ, ನೋಡಬೇಕು ಅನ್ನೋರು ಕ್ಲಾಸಿಗೇ ಬನ್ನಿ.

ಆ ಹುಡುಗ ಈಗ ತನ್ನದೇ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಬಿಲ್ ಪುಸ್ತಕವನ್ನು ಇಂಗ್ಲಿಷಿನಲ್ಲಿ ತಾನೇ ಬರೆಯುತ್ತಾನೆ. ಪ್ರತಿ ಬಿಲ್ಲಿನ ಮೊದಲ ಸಾಲಿನಲ್ಲಿ ಮೋಟಾರ್ ಬಂದಾಗ ಹೇಗಿತ್ತು ಅಂತ ಇರುತ್ತೆ, ಆಮೇಲೆ ಏನು ಮಾಡಿದೆ ಅಂತ.