ಮೀಟರ್ 12.6 ತೋರಿಸುತ್ತಿತ್ತು, ಮೋಟಾರು ಮಾತ್ರ ನಿಲ್ಲುತ್ತಿತ್ತು

ಗೋವಾದ ಕುಂಬಾರ್ಜುವಾ ಕಾಲುವೆಯ ನಡುವೆ ನಮ್ಮ ದೋಣಿಯ ಮೋಟಾರು ನಿಂತಾಗ ಇಳಿತ ಶುರುವಾಗಿ ಅರ್ಧ ಗಂಟೆಯಾಗಿತ್ತು. ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಅದರ ಬುಡದಲ್ಲಿ ಕೆಸರು. ಮಾಂಡವಿ, ಝುವಾರಿ ನದಿಗಳನ್ನು ಕೂಡಿಸುವ ಈ ಕಾಲುವೆಯಲ್ಲಿ ಮೊಸಳೆಗಳಿವೆ. ಅವನ್ನು ತೋರಿಸಲೆಂದೇ ಪ್ರವಾಸಿಗರನ್ನು ದೋಣಿ ಹತ್ತಿಸಿಕೊಂಡು ಬರುತ್ತಾರೆ. ಹಾಗಾಗಿ ಇಳಿದು ತಳ್ಳುವ ಮಾತೇ ಇಲ್ಲ. ಭಾವ ಗಾಳ ಒಳಗೆಳೆದುಕೊಂಡರು. ನಾನು ಹುಟ್ಟು ಹುಡುಕಿದೆ.

"ಏನಾಯ್ತೋ?"

"ಟ್ರಿಪ್ ಆಗಿದೆ ಭಾವ. ಯಾಕೆ ಅಂತ ಗೊತ್ತಾಗ್ತಿಲ್ಲ."

ಐದು ನಿಮಿಷ ಬಿಟ್ಟು ಎಂಸಿಬಿ, ಅಂದರೆ ಕರೆಂಟು ಜಾಸ್ತಿಯಾದರೆ ತಾನಾಗೇ ಬೀಳುವ ಸ್ವಿಚ್ಚು, ಎತ್ತಿದೆ. ಮೋಟಾರು ಏನೂ ಆಗೇ ಇಲ್ಲ ಅನ್ನೋ ಹಾಗೆ ತಿರುಗಿತು. ನಿಧಾನವಾಗಿ ಮನೆ ಕಡೆ ಬಂದೆವು. ದಾರಿಯಲ್ಲಿ ಒಮ್ಮೆ ಪೂರ್ತಿ ವೇಗಕ್ಕೆ ತಿರುಗಿಸಿ ನೋಡಿದೆ. ಮೂರು ನಿಮಿಷಕ್ಕೆ ಮತ್ತೆ ಟಕ್ ಅಂತ ಬಿತ್ತು.

ನನ್ನೂರು ಅಂಕೋಲಾ. ವಾಸ್ಕೊಗೆ ಬಂದು 14 ವರ್ಷ. ವೆರ್ಣಾದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸ. ದಿನಾ 415 ವೋಲ್ಟಿನ ಪ್ಯಾನೆಲ್‌ಗಳ ಜೊತೆ ಗುದ್ದಾಡುವವನಿಗೆ 12 ವೋಲ್ಟ್ ಅಂದರೆ ಮಕ್ಕಳ ಆಟಿಕೆ ಅನ್ನಿಸುತ್ತದೆ. ನಾನು ಎಡವಿದ್ದೂ ಅಲ್ಲೇ.

ನಮ್ಮದು ಸಣ್ಣ ಫೈಬರ್ ದೋಣಿ. ಮೀನು ಮಾರಿ ಬದುಕುವವರಲ್ಲ ನಾವು, ಭಾನುವಾರದ ಚಟ ಅಷ್ಟೆ. ಚೋಣಕ್ ಮೀನು ಕಾಂಡ್ಲಾ ಬೇರುಗಳ ಸಂದಿಯಲ್ಲಿ ಅಡಗಿ ಕೂತಿರುತ್ತದೆ. ಪೆಟ್ರೋಲ್ ಎಂಜಿನ್ ಗುಡುಗಿಸಿಕೊಂಡು ಹೋದರೆ ಅದು ಅಲ್ಲಿರಲ್ಲ. ಅದಕ್ಕೇ ಟ್ರೋಲಿಂಗ್ ಮೋಟಾರು. ಉದ್ದದ ಕೊಳವೆ, ತುದಿಯಲ್ಲಿ ನೀರಿನೊಳಗೇ ಮುಳುಗಿರುವ ಡಿಸಿ ಮೋಟಾರು, ಅದಕ್ಕೊಂದು ಫ್ಯಾನು, ಮೇಲೆ ಹಿಡಿಕೆ. ನಮ್ಮದು 12 ವೋಲ್ಟಿನ, 55 ಪೌಂಡ್ ಥ್ರಸ್ಟಿನದು, ಅಂದರೆ ತಳ್ಳುವ ಬಲ ಅಷ್ಟು. ಮುಂದಕ್ಕೆ ಐದು ವೇಗ, ಹಿಂದಕ್ಕೆ ಮೂರು. ಪೂರ್ತಿ ವೇಗದಲ್ಲಿ ಹೆಚ್ಚುಕಡಿಮೆ 50 ಆಂಪಿಯರ್ ಎಳೆಯುತ್ತದೆ. ಕರೆಂಟು ಕೊಡಲು 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ನಡುವೆ ನಾನೇ ಹಾಕಿದ 63 ಆಂಪಿಯರ್‌ನ ಎಂಸಿಬಿ, ಮನೆಗೆ ಹಾಕುತ್ತಾರಲ್ಲ, ಅದೇ.

ಮೊದಲ ಅನುಮಾನ ಫ್ಯಾನಿನ ಮೇಲೆ ಬಂತು. ಫ್ಯಾನಿಗೆ ಏನಾದರೂ ಸುತ್ತಿಕೊಂಡರೆ ಮೋಟಾರಿಗೆ ಭಾರ ಜಾಸ್ತಿ, ಕರೆಂಟೂ ಜಾಸ್ತಿ. ನಟ್ಟು ಬಿಚ್ಚಿ, ಪಿನ್ನು ತೆಗೆದು, ಫ್ಯಾನು ಎಳೆದೆ. ಇತ್ತು! ತಂಗೂಸಿ ದಾರ, ಅಂದರೆ ಗಾಳದ ನೈಲಾನ್ ದಾರ, ಶಾಫ್ಟಿನ ಸುತ್ತ ಬಿಗಿಯಾಗಿ ಉಂಗುರದ ಹಾಗೆ ಕೂತಿತ್ತು. ಅರ್ಧ ಕರಗಿ ಗಟ್ಟಿಯಾಗಿತ್ತು. ಬ್ಲೇಡು ಹಾಕಿ ಕೊಯ್ದು ತೆಗೆದೆ. ಕಾರಣ ಸಿಕ್ಕಿತು ಅಂತ ಆವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮುಂದಿನ ಭಾನುವಾರ ಮತ್ತೆ ಟಕ್.

ಬ್ಯಾಟರಿ ಸತ್ತಿದೆ ಅಂತ ಭಾವನ ತೀರ್ಪು. ಅದನ್ನು ಹೊತ್ತುಕೊಂಡು ವಾಸ್ಕೊದಲ್ಲಿ ನಾವು ಯಾವಾಗಲೂ ಹೋಗುವ ಅಂಗಡಿಗೆ ಹೋದೆವು. ಅಂಗಡಿಯವರು ಗದಗ ಕಡೆಯವರು. ಲೋಡ್ ಟೆಸ್ಟರ್ ಹಚ್ಚಿ ಎರಡು ಸಲ ನೋಡಿದರು. "ಬ್ಯಾಟರಿಗೇನೂ ಆಗಿಲ್ಲರೀ ಸರ. ಸುಮ್ನ ಹೊಸಾದು ತಗೊಂಡು ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ" ಅಂದರು. ಮಾರುವ ಮನುಷ್ಯ ಹೀಗೆ ಹೇಳಿದ ಮೇಲೆ ನಂಬದೆ ಇರೋದು ಹೇಗೆ? ನಂಬಿದೆ.

ಜೆಟ್ಟಿಯಲ್ಲಿ ಸಲಹೆ ಕೊಡುವವರಿಗೆ ಬರವಿಲ್ಲ. ಒಬ್ಬರು 100 ಆಂಪಿಯರ್‌ನ ಬ್ರೇಕರ್ ಹಾಕು ಅಂದರು. ಇನ್ನೊಬ್ಬರು ಅದೂ ಬೇಡ, ಡೈರೆಕ್ಟ್ ಕೊಡು ಅಂದರು. ಡೈರೆಕ್ಟ್ ಕೊಟ್ಟಿದ್ದರೆ ಮೋಟಾರು ಓಡುತ್ತಿತ್ತು, ನಿಜ. ಜೊತೆಗೆ ದೋಣಿಗೆ ಬೆಂಕಿಯೂ ಬೀಳುತ್ತಿತ್ತೇನೋ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಮೋಟಾರನ್ನೇ ಬಿಚ್ಚಿದೆ. ಬಿಚ್ಚುವ ಮೊದಲು ಒಂದು ಲೆಕ್ಕ ಹಾಕಿದ್ದರೆ ಸಾಕಿತ್ತು. ಈ ಥರ ಐದು ವೇಗದ ಮೋಟಾರಿನಲ್ಲಿ ಕೆಳಗಿನ ವೇಗಗಳಿಗೆ ಕರೆಂಟು ತಗ್ಗಿಸುವ ಒಂದು ಕಾಯಿಲ್ ದಾಟಿ ಬರುತ್ತದೆ, ಐದನೆಯದಕ್ಕೆ ನೇರವಾಗಿ ಬರುತ್ತದೆ. ಕಾಯಿಲ್ ಸುಟ್ಟರೆ ಐದು ಮಾತ್ರ ಓಡಿ ಉಳಿದವು ಓಡಲ್ಲ. ನನ್ನದು ಪೂರ್ತಿ ಉಲ್ಟಾ. ಒಂದರಿಂದ ಮೂರರವರೆಗೆ ಬೀಳದೆ ಓಡುತ್ತಿತ್ತು, ಐದಕ್ಕೆ ಹಾಕಿದರೆ ಬೀಳುತ್ತಿತ್ತು. ಅಂದರೆ ಕಾಯಿಲ್ ಸರಿಯಿದೆ. ಬ್ರಶ್ಶುಗಳು, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ (ಆರ್ಮೇಚರಿಗೆ) ಕರೆಂಟು ಮುಟ್ಟಿಸುವ ಇದ್ದಿಲು ತುಂಡುಗಳು, ಸವೆದಿದ್ದರೆ ಎಲ್ಲ ವೇಗದಲ್ಲೂ ತೊದಲುತ್ತಿತ್ತು, ಅದೂ ಇಲ್ಲ. ಇಷ್ಟು ಗೊತ್ತಿದ್ದೂ ಬಿಚ್ಚಿದೆ. ಕೈ ತುರಿಸುತ್ತಿತ್ತು, ಅದಕ್ಕೇನು ಮಾಡೋದು.

ಒಳಗೆ ನೀರಿಲ್ಲ. ಬ್ರಶ್ಶುಗಳು ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದವು. ಸ್ವಲ್ಪ ಕಪ್ಪು ಪುಡಿ ಇತ್ತು, ಒರೆಸಿದೆ. ಮುಚ್ಚುವಾಗ ಗೊತ್ತಾಯಿತು ಎಡವಟ್ಟು. ಮ್ಯಾಗ್ನೆಟ್ಟು ಆರ್ಮೇಚರನ್ನು ಗಬಕ್ಕನೆ ಎಳೆದುಕೊಳ್ಳುತ್ತದೆ, ಬ್ರಶ್ಶಿನ ಸ್ಪ್ರಿಂಗು ಹಾರಿ ಬೀಳುತ್ತದೆ, ರಬ್ಬರ್ ರಿಂಗು ಜಾಗ ಬಿಟ್ಟು ಸರಿಯುತ್ತದೆ. ಮಧ್ಯಾಹ್ನ ಶುರು ಮಾಡಿದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಬಾಲ್ಕನಿಯಲ್ಲಿ ಬ್ಯಾಟರಿ ಹಚ್ಚಿ ನೋಡಿದರೆ ಚೆನ್ನಾಗಿ ತಿರುಗಿತು. ಮೋಟಾರಿನ ತುದಿಯಲ್ಲಿ ಮೀಟರ್ ಇಟ್ಟೆ, 12.6. ಇನ್ನೇನು ಬೇಕು?

ಬೇಕಾಗಿದ್ದು ನೀರು. ಗಾಳಿಯಲ್ಲಿ ಫ್ಯಾನು ತಿರುಗಲು ಮೋಟಾರು ಕೆಲವೇ ಆಂಪಿಯರ್ ಎಳೆಯುತ್ತದೆ. ಅಷ್ಟಕ್ಕೆ ಎಂಥ ಹಾಳು ಜಾಯಿಂಟ್ ಆದರೂ ನಡೆಯುತ್ತದೆ. ವೈರಿನ ಎರಡು ಎಳೆ ಅಂಟಿಕೊಂಡಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅದು ತೂತು ಬಿದ್ದ ಪೈಪಿನ ನಲ್ಲಿ ಮುಚ್ಚಿಟ್ಟು ಒತ್ತಡ ಚೆನ್ನಾಗಿದೆ ಅಂದ ಹಾಗೆ... ಅಲ್ಲ, ಹೋಲಿಕೆ ಸರಿಬರಲಿಲ್ಲ. ಕಸ ಕಟ್ಟಿದ ಪೈಪು ಅನ್ನಿ. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದರೆ ಬೆರಳು ದಪ್ಪ ಬರುವ ಕಡೆ ದಾರದಷ್ಟು ಬರುತ್ತದೆ.

ಇದು ಹೊಳೆದದ್ದು ಕಾರ್ಖಾನೆಯಲ್ಲಿ, ಊಟದ ಹೊತ್ತಿಗೆ. ನಾನು ಒಂದೇ ಒಂದು ಸಲವೂ ಲೋಡ್ ಮೇಲೆ, ಅಂದರೆ ಮೋಟಾರಿಗೆ ಪೂರ್ತಿ ಭಾರ ಬಿದ್ದಾಗ, ಅಳೆದೇ ಇಲ್ಲ! 415 ವೋಲ್ಟಿನಲ್ಲಿ ಎರಡು ವೋಲ್ಟ್ ಎಲ್ಲೋ ಬಿದ್ದು ಹೋದರೆ ಯಾರೂ ತಿರುಗಿ ನೋಡಲ್ಲ. 12ರಲ್ಲಿ ಎರಡು ಹೋದರೆ ಆರನೇ ಒಂದು ಭಾಗವೇ ಹೋಯಿತು.

ಕರೆಂಟು ಅಳೆಯಲು ಕ್ಲಾಂಪ್ ಮೀಟರ್ ಬೇಕು, ವೈರಿನ ಸುತ್ತ ಕಚ್ಚಿಸಿ ನೋಡುವಂಥದ್ದು. ನನ್ನ ಹತ್ತಿರ ಇದ್ದದ್ದು ಎಸಿ ಮಾತ್ರ ಓದುವಂಥದ್ದು. ಡಿಸಿ ವೈರಿಗೆ ಹಾಕಿದರೆ ಸೊನ್ನೆ ತೋರಿಸಿ ಸುಮ್ಮನಿರುತ್ತದೆ. ಸೋಲಾರ್ ಪ್ಯಾನೆಲ್ ಕೂರಿಸುವ ಗೆಳೆಯನೊಬ್ಬನ ಹತ್ತಿರ ಡಿಸಿ ಓದುವ ಕ್ಲಾಂಪ್ ಇತ್ತು, ಕೇಳಿ ತಂದೆ.

ದೋಣಿಯನ್ನು ಜೆಟ್ಟಿಯ ಕಂಬಕ್ಕೆ ದಪ್ಪ ಹಗ್ಗದಿಂದ ಕಟ್ಟಿದೆವು. ಮೋಟಾರು ನೀರಿನಲ್ಲೇ ಇರಬೇಕು, ದೋಣಿ ಮಾತ್ರ ಎಲ್ಲೂ ಹೋಗಬಾರದು. ಹಿಡಿಕೆ ಭಾವನ ಕೈಯಲ್ಲಿ, ಮೀಟರಿನ ಕಡ್ಡಿಗಳು ನನ್ನ ಕೈಯಲ್ಲಿ. ಮೂರನೇ ವೇಗಕ್ಕೆ ಕ್ಲಾಂಪ್ ಸುಮಾರು 20 ಆಂಪಿಯರ್ ತೋರಿಸಿತು. ಐದಕ್ಕೆ 41. ಇಲ್ಲೇ ಒಂದು ಒಗಟು ಇತ್ತು. 63ರ ಎಂಸಿಬಿ 41ಕ್ಕೆ ಯಾಕೆ ಬೀಳಬೇಕು?

ಬ್ಯಾಟರಿಯ ತಲೆಯ ಮೇಲೆ ಕಡ್ಡಿ ಇಟ್ಟೆ, 12.1. ಓಡುವಾಗ ಅಷ್ಟು ಇಳಿಯುವುದು ಸಹಜ. ಮೋಟಾರಿನ ತುದಿಯಲ್ಲಿ ಇಟ್ಟೆ, 9.7. ಬ್ಯಾಟರಿಯಿಂದ ಹೊರಟು ಮೋಟಾರು ಮುಟ್ಟುವುದರೊಳಗೆ 2.4 ವೋಲ್ಟ್ ಮಾಯ. ಬಾಲ್ಕನಿಯಲ್ಲಿ 12.6 ತೋರಿಸಿದ ಜಾಗವೇ ಅದು.

ಎಲ್ಲಿ ಹೋಯಿತು ಅಂತ ಹುಡುಕುವುದು ಆಮೇಲೆ ಸುಲಭ. ಮೋಟಾರು ಓಡುತ್ತಿರುವಾಗಲೇ ದಾರಿಯ ಒಂದೊಂದು ತುಂಡಿನ ಎರಡೂ ತುದಿಗೆ ಕಡ್ಡಿ ಇಡಬೇಕು. ಸರಿಯಿರುವ ತುಂಡಿಗೆ ಸೊನ್ನೆಯ ಹತ್ತಿರ ಬರುತ್ತದೆ. ಬ್ಯಾಟರಿಯ ಟರ್ಮಿನಲ್ಲಿಗೂ ವೈರಿನ ತುದಿಗೆ ಒತ್ತಿದ ಲೋಹದ ಲಗ್ಗಿಗೂ ನಡುವೆ 0.05. ಅಲ್ಲಿಂದ ಎಂಸಿಬಿವರೆಗಿನ ವೈರಿಗೆ 0.2. ಎಂಸಿಬಿಯ ಮೇಲಿನ ವೈರಿಂದ ಕೆಳಗಿನ ವೈರಿಗೆ 1.6. ಇನ್ನೊಮ್ಮೆ ಒತ್ತಿ ಹಿಡಿದೆ. 1.6, ನಿಧಾನವಾಗಿ ಏರುತ್ತಿತ್ತು. ಆ ಹೊತ್ತಿಗೆ ಟಕ್.

ಕೈ ಇಟ್ಟೆ, ಚಟ್ಟನೆ ತೆಗೆದೆ. ಎಂಸಿಬಿಯ ಕೆಳಗಿನ ಸ್ಕ್ರೂ ದೋಸೆ ಕಾವಲಿ ಹಾಗೆ ಕಾದಿತ್ತು.

1.6 ವೋಲ್ಟನ್ನು 41 ಆಂಪಿಯರಿಗೆ ಗುಣಿಸಿದರೆ 65 ವ್ಯಾಟ್. ನನ್ನ ಬೆಸುಗೆ ಕಡ್ಡಿ 25 ವ್ಯಾಟಿನದು, ಸೀಸ ಕರಗಿಸುತ್ತದೆ. ಅಂಥ ಎರಡೂವರೆ ಕಡ್ಡಿಯ ಬಿಸಿ ಆ ಚಿಕ್ಕ ಡಬ್ಬಿಯೊಳಗೆ ಕೂತಿತ್ತು. ಎಂಸಿಬಿ ಓವರ್‌ಲೋಡಿಗೆ ಬೀಳುವುದೇ ಬಿಸಿಯಿಂದ. ಒಳಗೆ ಎರಡು ಬೇರೆ ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತದೆ, ಕಾದರೆ ಬಾಗಿ ಟ್ರಿಪ್ ಮಾಡುತ್ತದೆ. ಆ ಪಟ್ಟಿಗೆ ಬಿಸಿ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಜಾಸ್ತಿ ಕರೆಂಟಿಂದ ಬಂದರೂ ಅಷ್ಟೆ, ಪಕ್ಕದ ಸುಟ್ಟ ಸ್ಕ್ರೂವಿನಿಂದ ಬಂದರೂ ಅಷ್ಟೆ. ಮೇಲಿಂದ ಗೋವಾದ ಏಪ್ರಿಲ್ ಬಿಸಿಲು. ಒಗಟು ಬಿಡಿಸಿದ ಹಾಗಾಯಿತು. ಐದು ನಿಮಿಷ ತಣ್ಣಗಾದ ಮೇಲೆ ಮತ್ತೆ ಓಡುತ್ತಿದ್ದದ್ದೂ ಇದಕ್ಕೇ. ಎಂಸಿಬಿ ಪಾಪ ತನ್ನ ಕೆಲಸ ಮಾಡುತ್ತಿತ್ತು. ಅದನ್ನು ತೆಗೆದು ಡೈರೆಕ್ಟ್ ಕೊಟ್ಟು, ಅದೇ ಸುಟ್ಟ ತುದಿಗಳನ್ನು ತಿರುಚಿ ಟೇಪು ಸುತ್ತಿದ್ದರೆ? ಬ್ಯಾಟರಿ ಪಕ್ಕದಲ್ಲೇ, ಪ್ಲಾಸ್ಟಿಕ್ ಡಬ್ಬಿಯಲ್ಲೇ ಆ 65 ವ್ಯಾಟ್ ಕಾಯುತ್ತಲೇ ಇರುತ್ತಿತ್ತು.

ಬ್ಯಾಟರಿ ಕಳಚಿ ಎಂಸಿಬಿ ಬಿಚ್ಚಿದೆ. ಕೆಳಗಿನ ಕಡೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ವೈರಿನ ತುದಿಯ ರಬ್ಬರು ಗಟ್ಟಿಯಾಗಿ ಸೀಳು ಬಿಟ್ಟಿತ್ತು. ಚಾಕುವಿನಿಂದ ಸಿಪ್ಪೆ ಸುಲಿಯುತ್ತಾ ಹೋದೆ. ತಾಮ್ರ ಕಾಣಲೇ ಇಲ್ಲ. ಮೊದಲು ಹಸಿರು ಕಿಲುಬು, ಆಮೇಲೆ ಕಪ್ಪು. ಒಂದು ಗೇಣು ಒಳಗೆ ಹೋದರೂ ಎಳೆಗಳು ಕಪ್ಪೇ, ಬಗ್ಗಿಸಿದರೆ ಪುಟಪುಟ ಮುರಿಯುತ್ತಿದ್ದವು. ಉಪ್ಪುನೀರು ಎಳೆಗಳ ಸಂದಿಯಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿತ್ತು.

ಈ ವೈರು ಹಾಕಿದ ಮಹಾಶಯ ನಾನೇ. ಮನೆಯಲ್ಲಿ ಉಳಿದಿದ್ದ ಸಾದಾ ತಾಮ್ರದ ವೈರು, ಲಗ್ಗನ್ನು ಇಕ್ಕಳದಲ್ಲಿ ಒತ್ತಿದ್ದು, ಮೇಲೆ ಕರಿ ಟೇಪು. ಕಾರ್ಖಾನೆಯಲ್ಲಿ ಯಾರಾದರೂ ಹುಡುಗ ಹೀಗೆ ಮಾಡಿದ್ದರೆ ಮೈಮೇಲೆ ಹೋಗುತ್ತಿದ್ದೆ.

ಹೊಸದಕ್ಕೆ 16 ಚದರ ಮಿಲಿಮೀಟರಿನ, ತವರ ಲೇಪದ ತಾಮ್ರದ ಮರೀನ್ ಕೇಬಲ್ ತಂದೆ. ಎಳೆ ಎಳೆಗೂ ಬೆಳ್ಳಗೆ ತವರ ಇರುತ್ತದೆ, ಕಿಲುಬು ಬೇಗ ಹಿಡಿಯಲ್ಲ. ಬೆಲೆ ಕೇಳಿದಾಗ ಸ್ವಲ್ಪ ಎದೆ ಹೊಡೆದುಕೊಂಡಿತು ಅನ್ನೋದು ನಿಜ. ಲಗ್ಗುಗಳನ್ನು ಹೈಡ್ರಾಲಿಕ್ ಕ್ರಿಂಪಿನಲ್ಲಿ ಒತ್ತಿದೆ. ಅದರ ಮೇಲೆ ಒಳಗಡೆ ಗೋಂದು ಇರುವ ಸ್ಲೀವ್ ಹಾಕಿ ಬಿಸಿ ಮಾಡಿದೆ. ಗೋಂದು ಕರಗಿ ತುದಿಯಲ್ಲಿ ಒಂದು ಹನಿ ಆಚೆ ಬಂದರೆ ಒಳಗೆ ನೀರು ಹೋಗಲ್ಲ ಅಂತ ಅರ್ಥ. ಎಂಸಿಬಿ ಬದಲು ಡಿಸಿಗೆಂದೇ ಮಾಡಿದ, ನೀರು ಹೋಗದ 60 ಆಂಪಿಯರ್ ಬ್ರೇಕರ್. ಅದನ್ನು ಬ್ಯಾಟರಿ ಡಬ್ಬಿಯ ಒಳಗಿಂದ ತೆಗೆದು ಹೊರಗಡೆ, ಹತ್ತಿರದಲ್ಲೇ ಕೂರಿಸಿದೆ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಕಿಡಿ ಹಾರುವ ಸಾಮಾನನ್ನು ಅದರ ಜೊತೆ ಮುಚ್ಚಿಡುವುದು ನನ್ನ ಇನ್ನೊಂದು ಘನಕಾರ್ಯವಾಗಿತ್ತು.

ಮತ್ತೆ ಅದೇ ಕಂಬ, ಅದೇ ಹಗ್ಗ. ಐದನೇ ವೇಗ. ಹಗ್ಗ ಬಿಗಿದು ಕಂಬ ಕಿರ್ ಅಂತು. ಬ್ಯಾಟರಿಯಲ್ಲಿ 12.1, ಮೋಟಾರಿನಲ್ಲಿ 11.7. ಕ್ಲಾಂಪ್ ನೋಡಿ ಭಾವನಿಗೆ ಗಾಬರಿ.

"47 ತೋರಿಸ್ತಿದೆಯಲ್ಲೋ! ಜಾಸ್ತಿ ಆಯ್ತಲ್ಲ?"

ಜಾಸ್ತಿಯೇ ಆಗಬೇಕು. ಮೊದಲು ವೋಲ್ಟೇಜ್ ಸಿಗದೆ 41 ಎಳೆಯುತ್ತಿತ್ತು, ಈಗ ಹೊಟ್ಟೆ ತುಂಬ ಸಿಕ್ಕಿದೆ. ಹತ್ತು ನಿಮಿಷ ಓಡಿಸಿ ಒಂದೊಂದೇ ಲಗ್ಗು ಮುಟ್ಟಿ ನೋಡಿದೆ. ಬೆಚ್ಚಗಿದ್ದವು, ಅಷ್ಟೆ. ಈಗಲೂ ಪ್ರತಿ ಸಲ ದಡಕ್ಕೆ ಬಂದಾಗ ಮೊದಲು ಮಾಡುವುದು ಅದನ್ನೇ, ಬೆರಳಿಟ್ಟು ನೋಡುವುದು. ಮೀನು ಆಮೇಲೆ.

ಎರಡು ತಿಂಗಳು ಒಂದು ಸಲವೂ ಬೀಳಲಿಲ್ಲ. ಹೋದ ವಾರ ಮೋಟಾರನ್ನು ಮನೆಗೆ ತಂದು ಗೋಡೆಗೆ ಒರಗಿಸಿಟ್ಟಿದ್ದೆ. ಬೆಳಗ್ಗೆ ನೋಡಿದರೆ ನೆಲದ ಮೇಲೆ ಫ್ಯಾನಿನ ಬುಡದಲ್ಲಿ ತುಕ್ಕುಬಣ್ಣದ ಸಣ್ಣ ಕಲೆ, ಇನ್ನೂ ಒದ್ದೆ. ಸೀಲು ಸೋರುತ್ತಿದೆ. ಆ ತಂಗೂಸಿ ದಾರ ಕೊಯ್ದದ್ದೋ, ಬಿಚ್ಚಬಾರದಿದ್ದನ್ನು ಬಿಚ್ಚಿ ನಾನು ಮಾಡಿದ್ದೋ, ಭಾವನ ಹತ್ತಿರ ದಾರದ ಹೆಸರು ಹೇಳಿದ್ದೇನೆ. ಸೀಲ್ ಕಿಟ್ಟಿಗೆ ಆರ್ಡರ್ ಹಾಕಿದ್ದೇನೆ. ಈ ಭಾನುವಾರ ಹುಟ್ಟು ಹಾಕಿಕೊಂಡು ಹತ್ತಿರದಲ್ಲೇ ಎಲ್ಲಾದರೂ ಹೋಗಿ ಬರುವುದು.