ಸ್ನಿಪೆಟ್‌ಗಳು ಕೈಗೆಟಕುವಂತೆ ಮಾಡಿಕೊಂಡ ಬಗೆ

ಶಿರಸಿಯ ಮನೆಯಲ್ಲಿ ಕುಳಿತು ಅಡಿಕೆ ವ್ಯಾಪಾರದ ಲೆಕ್ಕಪತ್ರಕ್ಕೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಂತ್ರಾಂಶ ಬರೆಯುವ ನನಗೆ, ಡೇಟಾಬೇಸಿನ ಸಂಪರ್ಕ, ಫಾರ್ಮಿನ ತಪಾಸಣೆ, ಕ್ವಿಂಟಲ್ ದರದಿಂದ ಬಿಲ್ಲಿನ ಮೊತ್ತ ತೆಗೆಯುವ ಲೆಕ್ಕ ಇವೆಲ್ಲ ಪದೇ ಪದೇ ಬೇಕಾಗುತ್ತವೆ. ಮತ್ತೆ ಮತ್ತೆ ಬಳಸುವ ಇಂಥ ಕೋಡ್ ತುಣುಕುಗಳನ್ನು, ಅಂದರೆ ಸ್ನಿಪೆಟ್‌ಗಳನ್ನು, ಮೊದಲು ಒಂದೇ ಪಠ್ಯ ಕಡತದಲ್ಲಿ ಕೂಡಿಡುತ್ತಿದ್ದೆ. ಕೆಲಸದ ನಡುವೆ ಅದನ್ನು ತೆರೆದು, ಹುಡುಕಿ, ನಕಲಿಸಿ, ಹೆಸರುಗಳನ್ನು ಬದಲಿಸುವಷ್ಟರಲ್ಲಿ ಹೊಸದಾಗಿ ಬರೆಯುವುದೇ ಬೇಗ ಮುಗಿಯುತ್ತಿತ್ತು.

ಈಗ ಅವೆಲ್ಲ ನಾನು ಕೋಡ್ ಬರೆಯಲು ಬಳಸುವ ವಿಎಸ್ ಕೋಡ್ ಎಂಬ ಸಂಪಾದಕ ತಂತ್ರಾಂಶದ ಒಳಗೇ ಇವೆ. ಅದರ ಆದೇಶಗಳನ್ನು ಹುಡುಕುವ ಪಟ್ಟಿಯಾದ ಕಮಾಂಡ್ ಪ್ಯಾಲೆಟ್‌ನಲ್ಲಿ ‘ಕಾನ್ಫಿಗರ್ ಸ್ನಿಪೆಟ್ಸ್’ ಆಯ್ದು ಭಾಷೆಯನ್ನು ಸೂಚಿಸಿದರೆ ಆ ಭಾಷೆಯದೇ ಜೇಸನ್ (ಮಾಹಿತಿಯನ್ನು ಹೆಸರು–ಮೌಲ್ಯಗಳಾಗಿ ಬರೆದಿಡುವ ಪಠ್ಯರೂಪ) ಕಡತ ತೆರೆಯುತ್ತದೆ. ಅದರಲ್ಲಿ ಪ್ರತಿ ತುಣುಕಿಗೂ ಅದನ್ನು ಕರೆಯಲು ಟೈಪ್ ಮಾಡುವ ಕಿರುಪದವಾದ ಪ್ರಿಫಿಕ್ಸ್, ಕೋಡಿನ ಒಡಲು ಮತ್ತು ಚಿಕ್ಕ ವಿವರಣೆಯನ್ನು ಕೊಡಬೇಕು. ಒಡಲಿನಲ್ಲಿ ಡಾಲರ್ ಚಿಹ್ನೆಯ ಮುಂದೆ 1, 2 ಎಂದು ಬರೆದ ಕಡೆಗಳಲ್ಲಿ ಟ್ಯಾಬ್ ಒತ್ತಿದಂತೆ ಕರ್ಸರ್ ಕ್ರಮವಾಗಿ ನಿಲ್ಲುತ್ತದೆ; 0 ಎಂದಿರುವಲ್ಲಿ ಕೊನೆಗೆ ನಿಲ್ಲುತ್ತದೆ. ಒಂದೇ ಅಂಕಿಯನ್ನು ಎರಡು ಕಡೆ ಹಾಕಿದರೆ ಒಮ್ಮೆ ಟೈಪ್ ಮಾಡಿದ ಹೆಸರು ಎರಡೂ ಕಡೆ ಮೂಡುತ್ತದೆ. ಪಿಎಚ್‌ಪಿಯವರು ಗಮನಿಸಬೇಕಾದ ಮಾತೊಂದಿದೆ: ನಮ್ಮ ಚರಗಳೂ (ವೇರಿಯೇಬಲ್‌ಗಳೂ) ಡಾಲರ್‌ನಿಂದಲೇ ಶುರುವಾಗುವುದರಿಂದ ಅದರ ಹಿಂದೆ ಎರಡು ಬ್ಯಾಕ್‌ಸ್ಲ್ಯಾಶ್ ಇಡಬೇಕು. ಇಡದಿದ್ದರೆ ಸಂಪಾದಕವು ಅದನ್ನು ತನ್ನದೇ ಚರವೆಂದು ತಿಳಿದು, ಡಾಲರ್ ಬಿಟ್ಟು ಬರಿಯ ಹೆಸರನ್ನು ಮೂಡಿಸುತ್ತದೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆಯ್ಕೆಯ ಪಟ್ಟಿ. ಎರಡು ನೆಟ್ಟಗೆರೆಗಳ ನಡುವೆ ಅಡಿಕೆಯ ಬಗೆಗಳನ್ನು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು ಎಂದು ಅಲ್ಪವಿರಾಮವಿಟ್ಟು ಬರೆದಿಟ್ಟರೆ, ತುಣುಕು ಬಂದು ಕೂತ ಜಾಗದಲ್ಲೇ ಅವು ಪಟ್ಟಿಯಾಗಿ ತೆರೆದುಕೊಳ್ಳುತ್ತವೆ. ಒಂದು ಕಡತದಲ್ಲಿ ‘ಕೆಂಪುಗೋಟು’, ಇನ್ನೊಂದರಲ್ಲಿ ‘ಕೆಂಪು ಗೋಟು’ ಎಂದಾದರೆ ವರದಿಯಲ್ಲಿ ಒಂದೇ ಮಾಲು ಎರಡಾಗಿ ಒಡೆಯುತ್ತದೆ. ಪಟ್ಟಿಯಿಂದ ಆಯ್ದರೆ ಆ ತೊಂದರೆಯಿಲ್ಲ.

ಆದರೆ ತುಣುಕು ಬೇಗ ಸಿಗುವುದು ಪ್ರಿಫಿಕ್ಸ್ ಇಡುವ ಜಾಣ್ಮೆಯಿಂದಲೇ. ನನ್ನ ಪ್ರಿಫಿಕ್ಸ್‌ಗಳೆಲ್ಲ ಇಂಗ್ಲಿಷಿನ ಝಡ್ ಅಕ್ಷರದಿಂದ ಆರಂಭವಾಗುತ್ತವೆ. ಆ ಅಕ್ಷರದ ಪದಗಳು ಕೋಡಿನಲ್ಲಿ ವಿರಳವಾದ್ದರಿಂದ ಅದೊಂದನ್ನು ಒತ್ತಿದರೆ ನನ್ನ ತುಣುಕುಗಳು ಎದ್ದು ಕಾಣುತ್ತವೆ. ಕನ್ನಡದ ಪ್ರಿಫಿಕ್ಸ್ ಇಡುವ ಆಸೆಯಿದ್ದರೂ ಪ್ರತಿ ಸಲ ಕೀಲಿಮಣೆಯ ಭಾಷೆ ಬದಲಿಸುವುದು ಸೌಕರ್ಯಕ್ಕಿಂತ ಕಿರಿಕಿರಿಯೇ. ಸೆಟ್ಟಿಂಗ್ಸ್‌ನಲ್ಲಿ ‘ಸ್ನಿಪೆಟ್ ಸಜೆಶನ್ಸ್’ ಎಂಬುದನ್ನು ‘ಟಾಪ್’ ಮಾಡಿಕೊಂಡರೆ ಇವು ಸಲಹೆಗಳ ಪಟ್ಟಿಯ ಮೇಲ್ತುದಿಗೆ ಬರುತ್ತವೆ; ‘ಟ್ಯಾಬ್ ಕಂಪ್ಲೀಶನ್’ ಎಂಬುದಕ್ಕೆ ‘ಓನ್ಲಿ ಸ್ನಿಪೆಟ್ಸ್’ ಎಂದು ಕೊಟ್ಟರೆ ಪ್ರಿಫಿಕ್ಸ್ ಬರೆದು ಟ್ಯಾಬ್ ಒತ್ತುವುದಷ್ಟೇ ಕೆಲಸ.

ಆಯ್ದ ಸಾಲುಗಳ ಸುತ್ತ ಟ್ರೈ–ಕ್ಯಾಚ್ (ದೋಷ ಬಂದರೆ ಹಿಡಿದು ನಿಭಾಯಿಸುವ ಕೋಡು) ಹಾಕುವ ತುಣುಕಿಗೆ ಮಾತ್ರ ಪ್ರತ್ಯೇಕ ಶಾರ್ಟ್‌ಕಟ್ ಕೊಟ್ಟಿದ್ದೇನೆ. ಅಲ್ಲಿ ಬಳಸುವ, ಆಯ್ದ ಪಠ್ಯವನ್ನು ಹಿಡಿದುಕೊಳ್ಳುವ ಚರದ ಹೆಸರಿನ ಆರಂಭದಲ್ಲಿರುವ ‘ಟಿಎಂ’, 2004ರಲ್ಲಿ ಮ್ಯಾಕ್ ಗಣಕಕ್ಕೆ ಬಂದ ಟೆಕ್ಸ್ಟ್‌ಮೇಟ್ ಸಂಪಾದಕದ ಬಳುವಳಿ.

ಅಡಿಕೆಯ ತಂತ್ರಾಂಶಕ್ಕೆ ಮಾತ್ರ ಸಲ್ಲುವ ತುಣುಕುಗಳನ್ನು ಯೋಜನೆಯದೇ ‘ವಿಎಸ್‌ಕೋಡ್’ ಫೋಲ್ಡರಿನಲ್ಲಿ, ‘ಕೋಡ್-ಸ್ನಿಪೆಟ್ಸ್’ ಎಂಬ ವಿಸ್ತರಣೆಯ ಕಡತದಲ್ಲಿ ಇಟ್ಟಿದ್ದೇನೆ. ಅದು ಕೋಡಿನ ಬದಲಾವಣೆಗಳನ್ನು ದಾಖಲಿಸಿ ಹಂಚಿಕೊಳ್ಳುವ ಗಿಟ್‌ನಲ್ಲಿ ಉಳಿದ ಕೋಡಿನ ಜೊತೆಗೇ ಸಾಗುವುದರಿಂದ ಕಾರವಾರದಲ್ಲಿರುವ ನನ್ನ ಸಹೋದ್ಯೋಗಿಗೂ ಅದೇ ಪಟ್ಟಿ ಸಿಗುತ್ತದೆ. ಕಡತ ಅವರವರ ಗಣಕದಲ್ಲೇ ಇರುವುದರಿಂದ ಮಳೆಗಾಲದಲ್ಲಿ ಇಂಟರ್ನೆಟ್ ಹೋದಾಗಲೂ ಇಬ್ಬರ ಕೆಲಸವೂ ನಿಲ್ಲುವುದಿಲ್ಲ.