ಖಣದ ಯೋಕ್, ಹತ್ತಿಯ ಘೇರು: ಬೇಸಿಗೆ ಫ್ರಾಕಿನ ಪ್ಯಾಟರ್ನ್ ಬರೆಯುವುದು, ಫೋಟೊ ತೆಗೆಯುವುದು

ನುರಿತ ಸಿಂಪಿಗರ ಬಳಿ ಪ್ಯಾಟರ್ನ್ (ಕತ್ತರಿಸಲು ಕಾಗದದ ಮೇಲೆ ಬರೆದ ನಕ್ಷೆ) ಇರುವುದಿಲ್ಲ. ಅರಿವೆಯನ್ನು ನಾಲ್ಕು ಮಡಿಕೆ ಹಾಕಿ, ಚಾಕಿನಿಂದ ಮೂರು ಗೆರೆ ಎಳೆದು ಕತ್ತರಿ ಆಡಿಸುತ್ತಾರೆ. ಲೆಕ್ಕವೆಲ್ಲ ಕೈಯಲ್ಲೇ ಇರುತ್ತದೆ. ಅದೇ ಫ್ರಾಕನ್ನು ಬೇರೆ ಊರಲ್ಲಿ ಕುಳಿತ ಒಬ್ಬರು ಯಾರನ್ನೂ ಕೇಳದೆ ಹೊಲಿಯಬೇಕೆಂದರೆ ಆ ಲೆಕ್ಕ ಕಾಗದಕ್ಕೆ ಇಳಿಯಬೇಕು. ಕಾಗದ ಫೋನಿನಲ್ಲಿ ಹೋಗುವುದಾದರೆ ಫೋಟೊ ಕೂಡ ಟೇಪಿನಷ್ಟೇ ನಂಬಿಕೆಗೆ ಅರ್ಹವಾಗಿರಬೇಕು. ಹೆಚ್ಚಿನವರು ಎಡವುವುದು ಈ ಎರಡನೆಯದರಲ್ಲಿ.

ಇಲ್ಲಿ ಹೇಳಿರುವುದು ಸುಮಾರು 6 ವರ್ಷದ ಹುಡುಗಿಯ ತೋಳಿಲ್ಲದ ಫ್ರಾಕು. ಎದೆ ಸುತ್ತಳತೆ 24 ಇಂಚು, ಭುಜ 10 ಇಂಚು, ಉದ್ದ 24 ಇಂಚು. ಮೇಲಿನ ಯೋಕ್ (ಭುಜದಿಂದ ಎದೆಯವರೆಗಿನ ಭಾಗ) ಗುಳೇದಗುಡ್ಡದ ಖಣದ್ದು, ಕೆಳಗಿನ ಘೇರು (ನೆರಿಗೆಯ ಲಂಗದ ಭಾಗ) ಹತ್ತಿಯದು.

ಪೂರ್ತಿ ಖಣದಲ್ಲೇ ಫ್ರಾಕು ಏಕಲ್ಲ? ಖಣ ಕುಪ್ಪಸಕ್ಕೆಂದು ನೇಯ್ದ ಬಟ್ಟೆ, ಅದರ ಪನ್ನವೂ (ಬಟ್ಟೆಯ ಅಗಲ) ಕಿರಿದು. ರೇಷ್ಮೆ ಅಥವಾ ಆರ್ಟ್ ಸಿಲ್ಕ್ ನೂಲು ಬೆರೆತಿರುವುದರಿಂದ ಬೆವರನ್ನು ಹತ್ತಿಯಂತೆ ಹೀರುವುದಿಲ್ಲ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರ, ಬಾಗಲಕೋಟೆಯಲ್ಲಿ ಮಗುವಿಗೆ ಅದನ್ನು ಮೈತುಂಬ ತೊಡಿಸುವುದು ಶಿಕ್ಷೆ. ಎದೆಯ ಮೇಲೆ ಏಳು ಇಂಚು ಇದ್ದರೆ ಚಂದವೂ ಆಯಿತು, ಗಾಳಿಯೂ ಆಡಿತು.

ಬಟ್ಟೆ: ಮೊದಲು ಪನ್ನ, ಆಮೇಲೆ ಬಣ್ಣ

ಅಂಗಡಿಯಲ್ಲಿ ಮೊದಲು ಪನ್ನ ಎಷ್ಟು ಎಂದು ಕೇಳಿ, ಟೇಪ್ ಇಟ್ಟು ನೀವೇ ಅಳೆಯಿರಿ. ಘೇರಿಗೆ 44 ಇಂಚು ಪನ್ನದ ಹತ್ತಿ ಮುಕ್ಕಾಲು ಮೀಟರ್ ಸಾಕು. 36 ಇಂಚಿನದಾದರೆ ಒಂದೂಕಾಲು ಮೀಟರ್ ಬೇಕು. ಖಣ ಒಂದು ಮೀಟರ್. ಯೋಕಿನ ಅಸ್ತರಕ್ಕೆ (ಒಳಪದರಕ್ಕೆ) ತೆಳು ಮಲ್‌ಮಲ್ 30 ಸೆಂಟಿಮೀಟರ್. ಅಸ್ತರ ಬೇಡವೆಂದು ಉಳಿಸಲು ಹೋಗಬೇಡಿ. ಖಣದ ಹೂವುಗಳ ಹಿಂಬದಿಯಲ್ಲಿ ಸಡಿಲ ಎಳೆಗಳು ಓಡಾಡುತ್ತವೆ, ಬೆವರಿದ ಮೈಗೆ ಅವು ತುರಿಕೆ ತರುತ್ತವೆ.

ಹೊಸದು ಕೊಳ್ಳದೆಯೂ ಆಗುತ್ತದೆ. ಮಾಸಿದ ಹತ್ತಿಯ ಇಳಕಲ್ ಸೀರೆ ಅಥವಾ ಬನಹಟ್ಟಿಯ ಕಾಟನ್ ಸೀರೆ ಘೇರಿಗೆ ಹೊಸ ಬಟ್ಟೆಗಿಂತ ಮೇಲು. ಹತ್ತಾರು ಸಲ ಒಗೆದದ್ದು ಇನ್ನು ಕುಗ್ಗುವುದಿಲ್ಲ. ಆದರೆ ಬೆಳಕಿಗೆ ಹಿಡಿದು ನೋಡಿ; ನೆರಿಗೆ ಬೀಳುತ್ತಿದ್ದ ಜಾಗದಲ್ಲಿ ಎಳೆ ಸವೆದಿದ್ದರೆ ಆ ಭಾಗ ಬಿಟ್ಟುಬಿಡಿ.

ಹೊಸ ಕೈಮಗ್ಗದ ಹತ್ತಿ ಕುಗ್ಗಿಯೇ ಕುಗ್ಗುತ್ತದೆ. ಬಟ್ಟೆಯ ಒಂದು ಮೂಲೆಯಲ್ಲಿ 10 ಇಂಚಿನ ಚೌಕವನ್ನು ದಾರದಿಂದ ಗುರುತು ಮಾಡಿ, ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ. ಒಂಬತ್ತೂವರೆ ಬಂದರೆ ನೂರಕ್ಕೆ ಐದರಷ್ಟು ಹೋಯಿತು, ಅಂದರೆ 20 ಇಂಚಿನ ಘೇರಿನಲ್ಲಿ ಒಂದು ಇಂಚು. ಕತ್ತರಿಸುವ ಮುಂಚೆ ಪೂರ್ತಿ ಬಟ್ಟೆಯನ್ನೇ ನೆನೆಸಿ ಒಣಗಿಸಿದರೆ ಈ ಲೆಕ್ಕದ ಗೋಜಿಲ್ಲ.

ಖಣದ ಕೆಂಪು ಬಣ್ಣ ಬಿಳಿ ಘೇರಿಗೆ ಇಳಿಯುವುದು ಸಾಮಾನ್ಯ ದೂರು. ಖಣದ ತುದಿಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ. ಬಿಳಿ ಗುಲಾಬಿಯಾದರೆ ಘೇರಿಗೆ ಗಾಢ ಬಣ್ಣ ಆರಿಸಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಬೇಡಿ.

ಯೋಕ್ ಬರೆಯುವುದು

ಮೊದಲ ಕರಡಿಗೆ ಶಾಲೆ ಪುಸ್ತಕಕ್ಕೆ ಹೊದಿಸುವ ಖಾಕಿ ಕಾಗದ ಸಾಕು. ಹಳೆಯ ಪತ್ರಿಕೆಯಾದರೂ ನಡೆಯುತ್ತದೆ, ಆದರೆ ಅದರ ಮಸಿ ಬಿಳಿ ಬಟ್ಟೆಗೆ ಹತ್ತುತ್ತದೆ. ಕಾಗದವನ್ನು ಉದ್ದಕ್ಕೆ ಮಡಿಚಿ. ಮಡಿಕೆಯೇ ಫ್ರಾಕಿನ ನಡು. ಮೇಲೆ ಒಂದು ಅಡ್ಡಗೆರೆ ಎಳೆದುಕೊಳ್ಳಿ, ಎಲ್ಲ ಅಳತೆಯೂ ಈ ಗೆರೆಯಿಂದ ಮತ್ತು ಮಡಿಕೆಯಿಂದ.

ಅಗಲ: ಎದೆಯ ಕಾಲು ಭಾಗ 6, ಸಡಿಲಕ್ಕೆ 1, ಒಟ್ಟು 7 ಇಂಚು. ಸುತ್ತ ಲೆಕ್ಕ ಹಾಕಿದರೆ 4 ಇಂಚು ಸಡಿಲ ಸಿಗುತ್ತದೆ. ಚಳಿಗಾಲದ ಫ್ರಾಕಿಗೆ ಇದು ಹೆಚ್ಚು, ಬೇಸಿಗೆಗೆ ಇಷ್ಟು ಬೇಕೇ ಬೇಕು. ಕಂಕುಳಿನ ಆಳ: ಎದೆಯ ಕಾಲು ಭಾಗದಲ್ಲಿ ಅರ್ಧ ಇಂಚು ಕಳೆದು 5½. ತೋಳು ಹಚ್ಚುವುದಾದರೆ ಕಳೆಯಬೇಡಿ. ಭುಜ: 10ರ ಅರ್ಧ 5, ತೋಳಿಲ್ಲದ್ದರಿಂದ ಅದರಲ್ಲೂ ಅರ್ಧ ಕಳೆದು 4½. ಭುಜದ ತುದಿಯನ್ನು ಮೇಲಿನ ಗೆರೆಯಿಂದ ಮುಕ್ಕಾಲು ಇಂಚು ಕೆಳಗಿಳಿಸಿ. ಕೊರಳಿನ ಅಗಲ: ಎದೆಯ ಹನ್ನೆರಡನೇ ಒಂದು ಭಾಗ 2, ಜೊತೆಗೆ ಕಾಲು, ಅಂದರೆ 2¼. ಕೊರಳಿನ ಆಳ ಮುಂದೆ 3, ಹಿಂದೆ 1. ಯೋಕಿನ ಕೆಳಗೆರೆ 7 ಇಂಚಿಗೆ, ಅಂದರೆ ಕಂಕುಳಿನಿಂದ ಒಂದೂವರೆ ಇಂಚು ಕೆಳಗೆ.

ಕಂಕುಳಿನ ಬಾಗು ಎಳೆಯುವಾಗ ಭುಜದ ತುದಿಯಿಂದ ಅರ್ಧ ದೂರದವರೆಗೆ ಹೆಚ್ಚು ಕಡಿಮೆ ನೇರವಾಗಿ ಬಂದು ಆಮೇಲೆ ಹೊರಳಿ. ಮುಂಭಾಗದಲ್ಲಿ ಹಿಂಭಾಗಕ್ಕಿಂತ ಕಾಲು ಇಂಚು ಒಳಗೆ ತಗ್ಗಿಸಬೇಕು. ಎರಡನ್ನೂ ಒಂದೇ ಬಾಗಿನಲ್ಲಿ ಕತ್ತರಿಸಿದರೆ ಮುಂದೆ ಸುಕ್ಕು ನಿಲ್ಲುತ್ತದೆ, ಇಲ್ಲವೇ ಹಿಂದೆ ಬಿಗಿಯುತ್ತದೆ.

ಇನ್ನು ಕೊರಳು. ಈ ಅಳತೆಯಲ್ಲಿ ಕೊರಳಿನ ಸುತ್ತು ಹೆಚ್ಚೆಂದರೆ 14 ಇಂಚು. ಆರು ವರ್ಷದ ಮಗುವಿನ ತಲೆ ಸುಮಾರು 20½. ಬೆನ್ನಿಗೆ ಸೀಳು ಕೊಡದಿದ್ದರೆ ಫ್ರಾಕು ತಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಸೀಳಿನ ಉದ್ದದ ಎರಡರಷ್ಟು ಸುತ್ತಳತೆಗೆ ಸೇರುತ್ತದೆ. ಹಾಗಾಗಿ ನಾಲ್ಕೂವರೆ ಇಂಚಿನ ಸೀಳು ಒಂಬತ್ತು ಇಂಚು ಕೊಡುತ್ತದೆ, ಜಡೆ ಹಾಕಿದ ತಲೆಯೂ ದಾಟುತ್ತದೆ. ಮೇಲೆ ಒಂದು ಗುಂಡಿ, ದಾರದ ಒಂದು ಕುಣಿಕೆ.

ಈಗ ಮಾರ್ಜಿನ್, ಅಂದರೆ ಹೊಲಿಗೆಗೆಂದು ಹೆಚ್ಚುವರಿ ಬಿಡುವ ಬಟ್ಟೆ. ಕೊರಳಿಗೂ ಕಂಕುಳಿಗೂ ಕಾಲು ಇಂಚು. ಭುಜಕ್ಕೂ ಬದಿಗೂ ಮುಕ್ಕಾಲು. ಖಣದ ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತದೆ, ಅರ್ಧ ಇಂಚು ಸಾಲದು. ಯೋಕ್ ಮತ್ತು ಘೇರು ಸೇರುವ ಕಡೆ ಎರಡಕ್ಕೂ ಅರ್ಧ ಇಂಚು. ಒಂದೇ ಹೊಲಿಗೆಯಲ್ಲಿ ಕೂಡುವ ಎರಡು ಅಂಚುಗಳಿಗೆ ಬೇರೆ ಬೇರೆ ಮಾರ್ಜಿನ್ ಇಟ್ಟರೆ ಉದ್ದ ಹೊಂದುವುದಿಲ್ಲ. ಎಲ್ಲ ಸೇರಿ ಬಿಚ್ಚಿದ ಯೋಕ್ 15½ ಇಂಚು ಅಗಲ, 8¼ ಇಂಚು ಎತ್ತರ.

ಖಣದ ಅಂಚು ಎದೆಯ ಕೆಳಗೆ ಪಟ್ಟಿಯಂತೆ ಕೂರಬೇಕೆಂದರೆ ತುಂಡನ್ನು ಅಡ್ಡ ಇಡಬೇಕು. ಆಗ ಹಾಸು (ಉದ್ದದ ಎಳೆ) ನಿಲ್ಲುವ ಕಡೆ ಹೊಕ್ಕು (ಅಡ್ಡ ಎಳೆ) ನಿಲ್ಲುತ್ತದೆ. ಇಷ್ಟು ಚಿಕ್ಕ ಯೋಕಿಗೆ ತೊಂದರೆಯಿಲ್ಲ, ಆದರೆ ಹೂವುಗಳೂ ಮಲಗುತ್ತವೆ. ಬುಟ್ಟಿಗೆ (ನೇಯ್ದ ಹೂವಿಗೆ) ತಲೆ–ಕಾಲು ಇದ್ದರೆ ಅಂಚಿನ ಆಸೆ ಬಿಟ್ಟು ನೆಟ್ಟಗೆ ಕತ್ತರಿಸಿ.

ಘೇರು

ಘೇರಿಗೆ ಪ್ಯಾಟರ್ನೇ ಬೇಡ, ಅಳತೆ ಬರೆದರೆ ಸಾಕು. ಒಟ್ಟು ಉದ್ದ 24ರಲ್ಲಿ ಯೋಕಿನ 7 ಹೋದರೆ 17. ಮೇಲಿನ ಹೊಲಿಗೆಗೆ ಅರ್ಧ, ಕೆಳಗಿನ ಮಡಿಕೆಗೆ ಎರಡೂವರೆ, ಒಟ್ಟು 20 ಇಂಚು. ಮಡಿಕೆ ಅಷ್ಟು ಅಗಲ ಏಕೆಂದರೆ ಮುಂದಿನ ಬೇಸಿಗೆಗೆ ಬಿಚ್ಚಿ ಉದ್ದ ಮಾಡಬಹುದು.

ಯೋಕಿನ ಸುತ್ತು 28. ದಪ್ಪ ಕೈಮಗ್ಗಕ್ಕೆ ಅದರ ಒಂದೂವರೆ ಪಟ್ಟು ಘೇರು ಸಾಕು, ತೆಳು ಮಲ್‌ಮಲ್ಲಿಗೆ ಎರಡು ಪಟ್ಟು. ದಪ್ಪ ಬಟ್ಟೆಗೆ ಎರಡು ಪಟ್ಟು ಹಾಕಿದರೆ ಎದೆಯ ಕೆಳಗೆ ನೆರಿಗೆ ಹಗ್ಗದಂತೆ ಉಬ್ಬುತ್ತದೆ, ಅಲ್ಲೇ ಬೆವರು ನಿಲ್ಲುತ್ತದೆ. 44 ಪನ್ನದಲ್ಲಿ 21 ಇಂಚಿನ ಎರಡು ಹೋಳು ಅಕ್ಕಪಕ್ಕ ಬರುತ್ತವೆ, ಘೇರಿನ ಬದಿಗೆ ಅರ್ಧ ಇಂಚು ಮಾರ್ಜಿನ್ ಇಟ್ಟು ಹೊಲಿದ ಮೇಲೆ 40 ಇಂಚು ಸಿಗುತ್ತದೆ. ಒಂದೂವರೆ ಪಟ್ಟಿಗೆ ಎರಡು ಇಂಚು ಕಡಿಮೆ, ಕಣ್ಣಿಗೆ ತಿಳಿಯುವುದಿಲ್ಲ. 36 ಪನ್ನದಲ್ಲಿ ಹೋಳುಗಳು ಒಂದರ ಕೆಳಗೊಂದು ಬರುವುದರಿಂದ ಎರಡು ಉದ್ದ ಹೋಗುತ್ತವೆ, ಹೋಳು 22 ಇಂಚು ಇಡಿ. ಪಕ್ಕದಲ್ಲಿ ಉಳಿದ ಪಟ್ಟಿಯಿಂದ ಕಂಕುಳಿಗೆ ಒಂದೂಕಾಲು ಇಂಚು ಅಗಲ, 13 ಇಂಚು ಉದ್ದದ ಎರಡು ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಪಟ್ಟಿ) ತೆಗೆಯಿರಿ. ಇನ್ನೂ ಮಿಕ್ಕಿದ ಚೂರು ಹೇಗೂ ಕೌದಿಗೆ ಆಗುತ್ತವೆ.

ನೆರಿಗೆಗೆ ಮಷಿನಿನ ಹೊಲಿಗೆಯನ್ನು ಆದಷ್ಟು ಉದ್ದ ಮಾಡಿ ಎರಡು ಸಾಲು ಓಡಿಸಿ: ಅಂಚಿನಿಂದ ಕಾಲು ಇಂಚಿಗೆ ಒಂದು, ಮುಕ್ಕಾಲಿಗೆ ಇನ್ನೊಂದು. ಬದಿ ಹೊಲಿಗೆ ಬಂದಲ್ಲಿ ನಿಲ್ಲಿಸಿ ಹೊಸದಾಗಿ ಶುರು ಮಾಡಿ. ಸುತ್ತಲೂ ಒಂದೇ ದಾರ ಎಳೆದರೆ ಅರ್ಧಕ್ಕೆ ತುಂಡಾಗುತ್ತದೆ. ಯೋಕನ್ನೂ ಘೇರನ್ನೂ ಎಂಟು ಸಮಭಾಗ ಮಾಡಿ ಗುರುತಿಗೆ ಗುರುತು ಪಿನ್ ಚುಚ್ಚಿ, ಬಾಬಿನ್ ದಾರ ಎಳೆಯಿರಿ. ನಿಜವಾದ ಹೊಲಿಗೆ ಎರಡು ಸಾಲುಗಳ ನಡುವೆ, ಅರ್ಧ ಇಂಚಿಗೆ. ಆಮೇಲೆ ಕೆಳಗಿನ ಸಾಲು ಬಿಚ್ಚಿ.

ಅಸ್ತರದ ಕೊರಳು ಮತ್ತು ಸೀಳನ್ನು ಹೊಲಿದು ಒಳಗೆ ತಿರುಗಿಸಬಹುದು. ಅದೇ ಹುರುಪಿನಲ್ಲಿ ಎರಡೂ ಕಂಕುಳನ್ನು ಮುಚ್ಚಿಬಿಡಬೇಡಿ. ಬೆನ್ನು ಪೂರ್ತಿ ತೆರೆದಿಲ್ಲವಾದ್ದರಿಂದ ಯೋಕನ್ನು ಹೊರಳಿಸಲು ದಾರಿಯೇ ಉಳಿಯದೆ ಎಲ್ಲ ಬಿಚ್ಚಬೇಕಾಗುತ್ತದೆ. ಕ್ರಾಸ್ ಪಟ್ಟಿ ಇರುವುದು ಅದಕ್ಕೇ.

ಹಳೆಯ ಧೋತರದಲ್ಲಿ ಒಂದು ಸಲ

ಖಣಕ್ಕೆ ಕತ್ತರಿ ಹಾಕುವ ಮುಂಚೆ ಹಳೆಯ ಧೋತರದಲ್ಲೋ ಮಾಂಜರಪಾಟಿನಲ್ಲೋ ಯೋಕನ್ನು ಮಾತ್ರ ಕಚ್ಚಾ ಹೊಲಿದು ಮಗುವಿಗೆ ತೊಡಿಸಿ, ಕೈ ಎತ್ತಿಸಿ ನೋಡಿ. ಕೊರಳಿನಿಂದ ಕಂಕುಳಿನತ್ತ ಓರೆ ಸುಕ್ಕು ಬಿದ್ದರೆ ಮಗುವಿನ ಭುಜ ಇಳಿಜಾರು, ಭುಜದ ತುದಿಯನ್ನು ಕಾಲು ಇಂಚು ಇಳಿಸಿ. ಕೊರಳಿನ ಬುಡದಲ್ಲಿ ಅಡ್ಡ ಸುಕ್ಕು ಬಂದರೆ ಭುಜ ನೆಟ್ಟಗಿದೆ, ಅಷ್ಟೇ ಮೇಲೇರಿಸಿ. ತಿದ್ದಿದ್ದನ್ನು ಆಗಲೇ ಕಾಗದಕ್ಕೆ ಹಾಕಿ, ನಾಳೆಗೆ ನೆನಪಿರುವುದಿಲ್ಲ.

ಎದೆ 22 ಮತ್ತು 26ರ ಅಳತೆ ಬೇಕಿದ್ದರೆ ಪ್ರತಿ ಸೈಜಿಗೆ ಯೋಕಿನ ಅಗಲದಲ್ಲಿ ಅರ್ಧ ಇಂಚು, ಅರ್ಧ ಭುಜದಲ್ಲಿ ಕಾಲು, ಉದ್ದದಲ್ಲಿ ಎರಡು ಇಂಚು ಕೂಡಿಸಿ ಅಥವಾ ಕಳೆಯಿರಿ. ಕಂಕುಳಿನ ಆಳಕ್ಕೆ ಸೂತ್ರದ ಪ್ರಕಾರ ಅರ್ಧ ಬರುತ್ತದೆ, ಆದರೆ ಕಾಲು ಸಾಕು. ಎದೆ ಬೆಳೆದಷ್ಟು ವೇಗವಾಗಿ ಕಂಕುಳು ಇಳಿಯುವುದಿಲ್ಲ, ಪೂರ್ತಿ ಅರ್ಧ ಕೊಟ್ಟರೆ ಒಳಗಿನದೆಲ್ಲ ಕಾಣುತ್ತದೆ.

ಫೋಟೊಗೆ ಮುಂಚೆ

ಖಾಕಿ ಕಾಗದದ ಮೇಲಿನ ಪೆನ್ಸಿಲ್ ಗೆರೆ ಫೋನಿಗೆ ಕಾಣುವುದೇ ಇಲ್ಲ. ತಿದ್ದಿ ಮುಗಿದ ಪ್ಯಾಟರ್ನನ್ನು ಬಿಳಿ ಡ್ರಾಯಿಂಗ್ ಶೀಟಿಗೆ ಇಳಿಸಿ ಕಪ್ಪು ಮಾರ್ಕರಿನಿಂದ ಎಳೆಯಿರಿ: ಕತ್ತರಿಸುವ ಗೆರೆ ದಪ್ಪ, ಹೊಲಿಗೆ ಗೆರೆ ತುಂಡುತುಂಡು. ಪ್ರತಿ ತುಂಡಿನ ಮೇಲೆ ಇವು ಇರಲೇಬೇಕು: ಮುಂಭಾಗವೋ ಹಿಂಭಾಗವೋ, ಸೈಜು, ಎಷ್ಟು ಕತ್ತರಿಸಬೇಕು, ಮಡಿಕೆ ಯಾವ ಕಡೆ, ಹಾಸಿನ ದಿಕ್ಕಿಗೆ ಬಾಣ, ಮಾರ್ಜಿನ್ ಸೇರಿದೆಯೋ ಇಲ್ಲವೋ. ಕೊನೆಯದನ್ನು ಬಿಟ್ಟವರೇ ಹೆಚ್ಚು. ಹೊಲಿಯುವವರು ಮತ್ತೊಮ್ಮೆ ಮಾರ್ಜಿನ್ ಕೂಡಿಸಿದರೆ ಸುತ್ತಳತೆ 3 ಇಂಚು ಹಿಗ್ಗುತ್ತದೆ. ಒಂದು ಮೂಲೆಯಲ್ಲಿ ಸರಿಯಾಗಿ 2 ಇಂಚಿನ ಚೌಕ ಬರೆಯಿರಿ.

ಪ್ಯಾಟರ್ನಿನ ಫೋಟೊ

ತುಂಡನ್ನು ನೆಲದ ಮೇಲೆ ಹಾಸಿ. ಬೂದು ಫರಸಿ ಕಲ್ಲಿನ ನೆಲ ಇದಕ್ಕೆ ಹೇಳಿ ಮಾಡಿಸಿದ್ದು, ಬಿಳಿ ಕಾಗದ ಎದ್ದು ಕಾಣುತ್ತದೆ. ಕೆಂಪು ಗಾರೆ ನೆಲವಾದರೆ ಕಾಗದಕ್ಕೆ ಗುಲಾಬಿ ಛಾಯೆ ಬರುತ್ತದೆ, ಕೆಳಗೆ ಬೂದು ಚಾದರ ಹಾಸಿ. ತುಂಡಿನ ಪಕ್ಕ ಉದ್ದಕ್ಕೊಂದು, ಅಡ್ಡಕ್ಕೊಂದು ಸ್ಕೇಲ್ ಇಡಿ. ಒಂದೇ ಸ್ಕೇಲ್ ಇಟ್ಟರೆ ಇನ್ನೊಂದು ದಿಕ್ಕು ಹಿಗ್ಗಿದ್ದು ಗೊತ್ತಾಗುವುದಿಲ್ಲ.

ನಿಂತಲ್ಲಿಂದ ಬಗ್ಗಿ ತೆಗೆದ ಫೋಟೊದಲ್ಲಿ ದೂರದ ಅಂಚು ಚಿಕ್ಕದಾಗುತ್ತದೆ, ಯೋಕು ಮೊರದಂತಾಗುತ್ತದೆ. ಸ್ಟೂಲಿನ ಮೇಲೆ ನಿಂತು, ಫೋನನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ತುಂಡಿನ ನಡುವಿನ ನೇರ ಮೇಲಿನಿಂದ ತೆಗೆಯಿರಿ. ಕ್ಯಾಮೆರಾದ ಗ್ರಿಡ್ ಹಾಕಿಕೊಳ್ಳಿ. ಹತ್ತಿರದಿಂದ ತೆಗೆದರೆ ಫೋನಿನ ಅಗಲ ಲೆನ್ಸ್ ಮೂಲೆಗಳನ್ನು ಎಳೆಯುತ್ತದೆ. ನಾಲ್ಕೈದು ಅಡಿ ದೂರ ಹೋಗಿ ಎರಡು ಪಟ್ಟು ಜೂಮ್ ಮಾಡುವುದು ಲೇಸು. ಸರಿ ಬಂತೋ ಇಲ್ಲವೋ ನೋಡಲು ಚಿಕ್ಕ ಚೌಕವನ್ನು ಪರದೆಯ ಮೇಲೆ ಅಳೆಯಿರಿ: ನಾಲ್ಕು ಬದಿ ಸಮ ಇರಬೇಕು, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಸಮ ಇರಬೇಕು.

ಇಷ್ಟು ಮಾಡಿದರೂ ಫೋಟೊವನ್ನೇ ಪ್ರಿಂಟ್ ಹಾಕಿ ಕತ್ತರಿಸಿ ಎಂದು ಹೇಳಬಾರದು. ಪೂರ್ತಿ ಅಳತೆಯ ಪ್ಯಾಟರ್ನ್ ಬೇಕಿದ್ದರೆ ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ. ಅರ್ಧ ಯೋಕು 7¾ ಇಂಚು ಅಗಲ; ಎ4 ಹಾಳೆ 8¼, ಪ್ರಿಂಟರ್ ಬಿಡುವ ಅಂಚು ಕಳೆದರೆ ಇಕ್ಕಟ್ಟು, ಆದ್ದರಿಂದ ಎ3 ಕೇಳಿ. ಪ್ರಿಂಟ್ ನೂರಕ್ಕೆ ನೂರು ಅಳತೆಯಲ್ಲಿರಲಿ, ಹಾಳೆಗೆ ಹೊಂದಿಸುವ ಆಯ್ಕೆ ತೆಗೆಯಿರಿ. 2 ಇಂಚಿನ ಚೌಕ 2 ಇಂಚೇ ಬಂದರೆ ಮಾತ್ರ ಕತ್ತರಿ.

ಫ್ರಾಕಿನ ಫೋಟೊ

ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆ, ಇಲ್ಲವೇ ಸಂಜೆ ಐದೂವರೆಯ ನಂತರ. ನಡುಹಗಲಿನ ಬಿಸಿಲಲ್ಲಿ ಬಿಳಿ ಹತ್ತಿ ಸುಣ್ಣದ ಗೋಡೆಯಂತಾಗಿ ನೇಯ್ಗೆಯೇ ಮಾಯ. ಬೇವಿನ ನೆರಳು ತಂಪೇನೋ ಹೌದು, ಆದರೆ ಬಟ್ಟೆಯ ಮೇಲೆ ಬಿಸಿಲ ಚುಕ್ಕಿ ಬೀಳುತ್ತವೆ, ಹಸಿರು ಛಾಯೆ ಬರುತ್ತದೆ. ಪಡಸಾಲೆಯ ಬಾಗಿಲ ಪಕ್ಕ, ನೇರ ಬಿಸಿಲು ಬೀಳದ ಜಾಗವೇ ಒಳ್ಳೆಯದು. ಒಳಗಿನ ಟ್ಯೂಬ್‌ಲೈಟ್ ಆರಿಸಿ. ಎರಡು ಬೆಳಕು ಬೆರೆತರೆ ಒಂದು ಬದಿ ನೀಲಿ, ಇನ್ನೊಂದು ಹಳದಿ.

ಖಣಕ್ಕೆ ಬೆಳಕು ಪಕ್ಕದಿಂದ ಬೀಳಬೇಕು. ಎದುರಿನಿಂದ ಬಿದ್ದರೆ, ಅದರಲ್ಲೂ ಫ್ಲ್ಯಾಶ್ ಹಾಕಿದರೆ, ಹೊಳಪೆಲ್ಲ ಒಂದೇ ಬಿಳಿ ಮಚ್ಚೆಯಾಗಿ ಬುಟ್ಟಿ ಕಾಣುವುದಿಲ್ಲ. ಬಿಳಿ ಘೇರಿದ್ದರೆ ಪರದೆಯ ಮೇಲೆ ಬೆರಳಿಟ್ಟು ಬೆಳಕನ್ನು ತುಸು ಇಳಿಸಿ. ಫೋನು ತಾನಾಗಿ ಬಣ್ಣ ಕಡುವಾಗಿಸುವ ಸೆಟ್ಟಿಂಗ್ ಇದ್ದರೆ ಬಂದ್ ಮಾಡಿ; ಖಣದ ಕೆಂಪು ಅದರಲ್ಲಿ ಕುಂಕುಮದ ರಾಶಿಯಾಗುತ್ತದೆ. ಇಳಕಲ್ ಸೀರೆಯ ಸಣ್ಣ ಚೌಕಳಿ ಪರದೆಯಲ್ಲಿ ಅಲೆಅಲೆಯಾಗಿ ಕಂಡರೆ ಒಂದು ಹೆಜ್ಜೆ ಮುಂದೆ ಅಥವಾ ಹಿಂದೆ ಸರಿಯಿರಿ.

ಮುಂದಿನದು, ಹಿಂದಿನದು ಎಂದು ಎರಡು ತೆಗೆದು ಮುಗಿಸುವವರು ಬಹಳ. ಹೊಲಿಯುವವರಿಗೆ ಬೇಕಾದದ್ದು ಬೇರೆ: ಬೆನ್ನಿನ ಸೀಳು ತೆರೆದಿಟ್ಟು ಹತ್ತಿರದಿಂದ, ಯೋಕ್–ಘೇರಿನ ಜೋಡಣೆ ಒಳಮಗ್ಗುಲಿನಿಂದ, ಕಂಕುಳಿನ ಪಟ್ಟಿ, ಕೆಳಗಿನ ಮಡಿಕೆಯ ಪಕ್ಕ ಸ್ಕೇಲ್ ಇಟ್ಟು. ಫ್ರಾಕನ್ನು ನೀರು ಚಿಮುಕಿಸಿ ಇಸ್ತ್ರಿ ಮಾಡಿ, ಒಳಗೆ ಮೆತ್ತಗೆ ಕಾಗದ ತುಂಬಿದರೆ ಘೇರು ಚಪ್ಪಟೆಯಾಗುವುದಿಲ್ಲ. ಮಗುವಿಗೆ ತೊಡಿಸಿ ತೆಗೆಯುವುದಾದರೆ ಮನೆಯವರನ್ನು ಕೇಳಿ, ಮುಖ ಬಿಟ್ಟು ಕೊರಳಿನಿಂದ ಕೆಳಗೆ ತೆಗೆದರೂ ಕೆಲಸ ಆಗುತ್ತದೆ.

ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಕುಗ್ಗಿ ಅಂಕೆಗಳು ಮಸುಕಾಗುತ್ತವೆ. ಊರಿಗೆಲ್ಲ ಹಂಚುವ ಮೊದಲು ಹೊಲಿಗೆ ಬಲ್ಲ ನೆರೆಯವರೊಬ್ಬರಿಗೆ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕೂರಿ. ಅವರು ಕತ್ತರಿ ಕೆಳಗಿಟ್ಟು "ಇದ್ ಹೆಂಗ್ರಿ?" ಎಂದು ಕೇಳಿದ ಜಾಗದಲ್ಲಿ ಒಂದು ಗೆರೆಯೋ ಒಂದು ಫೋಟೊವೋ ಕಡಿಮೆ ಬಿದ್ದಿದೆ. ಅದನ್ನು ಸೇರಿಸಿ, ಹಾಳೆಯ ಮೂಲೆಯಲ್ಲಿ ತಿದ್ದಿದ ದಿನಾಂಕ ಬರೆದು, ಹಳೆಯ ಹಾಳೆ ಹರಿದು ಹಾಕಿ.